ಗ್ಯಾಸ್ ಇರಬೇಕು ಬಿಡಿ ಅನ್ನೋ ಮೊದಲು

ಡಿಸ್ಚಾರ್ಜ್ ಅನ್ನೋ ಪದ ಕಿವಿಗೆ ಬಿದ್ದ ಕೂಡಲೇ ನಮ್ಮ ಜನ ಏನು ಮಾಡ್ತಾರೆ ನೋಡಿ. ಒಬ್ಬರು ಬಿಲ್ ಕೌಂಟರ್ ಮುಂದೆ ನಿಲ್ತಾರೆ. ಇನ್ನೊಬ್ಬರು ಗಾಡಿ ತರೋಕೆ ಓಡ್ತಾರೆ. ಮನೆ ಬಾಗಿಲಲ್ಲಿ ದೃಷ್ಟಿ ತೆಗೆಯೋಕೆ ಯಾರೋ ಕಾಯ್ತಾ ಇರ್ತಾರೆ. ಆಪರೇಷನ್ ಮುಗೀತು, ಗಂಡಾಂತರ ಕಳೀತು, ಇನ್ನೇನಿದ್ದರೂ ರೆಸ್ಟು.

ಕರುಳಿನ ಆಪರೇಷನ್ ವಿಷಯದಲ್ಲಿ ಇದು ಅರ್ಧ ಸತ್ಯ ಮಾತ್ರ. ಉಳಿದ ಅರ್ಧ ಮನೆಗೆ ಬಂದ ಮೇಲೆ ಶುರುವಾಗುತ್ತೆ. ಆ ಅರ್ಧವನ್ನ ಒಂದು ಮೊಬೈಲ್ ಫೋನ್ ಕಾಯಬಹುದಾ? ಇವತ್ತಿನ ಪ್ರಶ್ನೆ ಅದು.

ನಮ್ಮ ಚಾನೆಲ್‌ನಲ್ಲಿ ಕೆಲಸ ಮಾಡೋ ಕ್ಯಾಮೆರಾಮನ್ ಒಬ್ಬರ ತಾಯಿಯ ಕಥೆ ಹೇಳ್ತೀನಿ. ಅರವತ್ತು ದಾಟಿದ ಹೆಣ್ಣುಮಗಳು. ದೊಡ್ಡ ಕರುಳಿನಲ್ಲಿ ಗೆಡ್ಡೆ. ಬೆಂಗಳೂರಿನಲ್ಲಿ ಆಪರೇಷನ್ ಆಯ್ತು, ಚೆನ್ನಾಗೇ ಆಯ್ತು. ಐದನೇ ದಿನ ನಡೆದುಕೊಂಡೇ ಕಾರು ಹತ್ತಿ ಅರಸೀಕೆರೆ ಹತ್ತಿರದ ಊರಿಗೆ ಹೋದರು. ಅವತ್ತು ರಾತ್ರಿ ಹೊಟ್ಟೆ ಬಿಗಿದ ಹಾಗಾಯ್ತು. ಮಾರನೇ ದಿನ ಗಂಜಿ ಬೇಡ ಅಂದರು. ಮಗ ಕೇಳಿದ, ‘ಅಮ್ಮ, ಡಾಕ್ಟ್ರಿಗೆ ಒಂದು ಫೋನ್ ಮಾಡ್ಲಾ?’ ಆಕೆ ಹೇಳಿದ್ದು, ‘ಬೇಡ ಬಿಡಪ್ಪ, ಪಾಪ ಅವ್ರಿಗೆ ನೂರೆಂಟು ಕೆಲ್ಸ. ಗ್ಯಾಸ್ ಇರ್ಬೇಕು.’ ಪಕ್ಕದ ಮನೆಯವರು ಓಮದ ಕಷಾಯ ತಂದು ಕೊಟ್ಟರು. ಹೀಗೆ ಎರಡು ದಿನ ಹೋಯ್ತು. ಮೂರನೇ ದಿನ ಮೇಲುಸಿರು ಬಂತು. ಮತ್ತೆ ಬೆಂಗಳೂರು, ಮತ್ತೆ ಆಪರೇಷನ್, ಐಸಿಯು. ಒಳಗೆ ಕರುಳು ಜೋಡಿಸಿದ್ದ ಜಾಗ ಬಿಟ್ಟುಕೊಂಡಿತ್ತು.

ತಾಯಿ ಬದುಕಿದರು. ಆದರೆ ಸರ್ಜನ್ ಕೇಳಿದ ಒಂದು ಪ್ರಶ್ನೆ ಈ ಹುಡುಗನಿಗೆ ಇವತ್ತೂ ಮರೆತಿಲ್ಲ. ‘ಎರಡು ದಿನ ಮೊದಲೇ ಯಾಕೆ ಬರಲಿಲ್ಲ?’ ಅವನು ಕೊಟ್ಟ ಉತ್ತರ, ‘ಯಾವಾಗ ಬರಬೇಕು ಅಂತ ಗೊತ್ತಾಗಲಿಲ್ಲ ಸರ್.’

ಈ ಉತ್ತರವನ್ನ ಸ್ವಲ್ಪ ಹಿಡಿದಿಟ್ಟುಕೊಳ್ಳಿ. ಇದರಲ್ಲಿ ಮಗನ ತಪ್ಪಿಲ್ಲ, ತಾಯಿಯ ತಪ್ಪೂ ಇಲ್ಲ. ಹೊಟ್ಟೆ ಕೊಯ್ದ ಮೇಲೆ ನೋವು ಇರುತ್ತೆ, ಉಬ್ಬರ ಇರುತ್ತೆ, ಊಟ ಸೇರಲ್ಲ. ಯಾವುದು ಮಾಮೂಲಿ ನೋವು, ಯಾವುದು ಅಪಾಯದ ನೋವು? ಮನೆಯವರಿಗೆ ಹೇಗೆ ಗೊತ್ತಾಗಬೇಕು?

ಮೊದಲು ಒಳಗೆ ಏನಾಗುತ್ತೆ ಅಂತ ಅರ್ಥ ಮಾಡಿಕೊಳ್ಳೋಣ. ಕರುಳಿನ ಆಪರೇಷನ್ ಅಂದರೆ ಬಹಳ ಸಲ ಕೆಟ್ಟ ಭಾಗವನ್ನ ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನ ದಾರದಿಂದಲೋ ಸ್ಟೇಪ್ಲರ್‌ನಿಂದಲೋ ಜೋಡಿಸೋದು. ಪ್ಲಂಬರ್ ಪೈಪ್ ಜೋಡಿಸಿದ ಹಾಗೆ. ಒಂದೇ ವ್ಯತ್ಯಾಸ. ಪೈಪಿಗೆ ಅಂಟು ಹಾಕಿದರೆ ಕೆಲಸ ಮುಗೀತು, ಕರುಳು ತಾನೇ ರಕ್ತ ಹರಿಸಿಕೊಂಡು, ತಾನೇ ಬೆಸೆದುಕೊಂಡು ಗಟ್ಟಿಯಾಗಬೇಕು. ಅದಕ್ಕೆ ದಿನಗಳು ಬೇಕು. ಆ ದಿನಗಳಲ್ಲಿ ಎಲ್ಲೋ ಒಂದು ಕಡೆ ಬಿಟ್ಟುಕೊಂಡರೆ, ಕರುಳಿನ ಒಳಗಿರಬೇಕಾದ ಮಲ, ಬ್ಯಾಕ್ಟೀರಿಯಾ ಎಲ್ಲ ಹೊಟ್ಟೆಯ ಪೊಳ್ಳಿಗೆ ಸೋರುತ್ತೆ. ಸೋಂಕು ರಕ್ತಕ್ಕೆ ಏರಿದರೆ ಕಿಡ್ನಿ, ಶ್ವಾಸಕೋಶ, ಹೃದಯ ಒಂದೊಂದೇ ಕೈಕೊಡೋಕೆ ಶುರು ಮಾಡುತ್ತವೆ.

ಇದು ಎಷ್ಟು ಜನಕ್ಕೆ ಆಗುತ್ತೆ? ದೊಡ್ಡ ಕರುಳಿನ ಮೇಲಿನ ಭಾಗದ ಜೋಡಣೆಯಲ್ಲಿ ನೂರಕ್ಕೆ ಕೆಲವರಿಗೆ. ಗುದದ್ವಾರದ ಹತ್ತಿರ ಹೋದಷ್ಟೂ ಅಪಾಯ ಜಾಸ್ತಿ, ಅಲ್ಲಿ ನೂರಕ್ಕೆ ಹತ್ತರ ಆಸುಪಾಸು. ಒಳ್ಳೆ ಆಸ್ಪತ್ರೆಯಲ್ಲೂ ಆಗುತ್ತೆ, ಒಳ್ಳೆ ಸರ್ಜನ್ ಕೈಯಲ್ಲೂ ಆಗುತ್ತೆ. ಬಹುಪಾಲು ಮೊದಲ ವಾರ, ಒಂದೂವರೆ ವಾರದೊಳಗೆ ಬಯಲಾಗುತ್ತೆ. ಕೆಲವರಲ್ಲಿ ಇನ್ನೂ ತಡವಾಗಿ.

ಈಗ ಲೆಕ್ಕ ಹಾಕಿ. ಸೋರಿಕೆ ಬಯಲಾಗೋದು ಮೊದಲ ಹತ್ತು ದಿನದಲ್ಲಿ. ನೀವು ಮನೆಗೆ ಬರೋದು ಐದನೇ ದಿನ. ಉಳಿದ ಐದು ದಿನ ಕಾಯೋರು ಯಾರು?

ಹಿಂದೆ ಈ ಪ್ರಶ್ನೆ ಇಷ್ಟು ಇರಲಿಲ್ಲ. ಯಾಕಂದ್ರೆ ಹತ್ತು ದಿನ ಆಸ್ಪತ್ರೆಯಲ್ಲೇ ಮಲಗಿಸ್ತಾ ಇದ್ದರು. 1990ರ ದಶಕದಲ್ಲಿ ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ ಅನ್ನೋ ಸರ್ಜನ್ ಒಂದು ಸರಳ ಪ್ರಶ್ನೆ ಎತ್ತಿದರು. ಆಪರೇಷನ್ ಆದ ರೋಗಿಯನ್ನ ಉಪವಾಸ ಕೆಡವಿ, ಮೂಗಿಗೆ ನಳಿಕೆ ಹಾಕಿ, ಹಾಸಿಗೆಗೆ ಕಟ್ಟಿಹಾಕೋದು ಯಾಕೆ? ಬೇಗ ಊಟ ಕೊಡಿ, ಬೇಗ ನಡೆಸಿ, ಕರುಳನ್ನ ಮಂಕು ಮಾಡೋ ನೋವಿನ ಔಷಧಿ ಕಡಿಮೆ ಮಾಡಿ ಅಂದರು. ರೋಗಿಗಳು ನಿಜವಾಗಿಯೂ ಬೇಗ ಚೇತರಿಸಿಕೊಂಡರು. ಇವತ್ತು ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ ಇದೇ ಪದ್ಧತಿ. ಒಳ್ಳೆಯದೇ. ಆಸ್ಪತ್ರೆಯಲ್ಲಿ ಅನಗತ್ಯವಾಗಿ ಮಲಗಿದ್ದರೆ ಅದರದ್ದೇ ಬೇರೆ ಸೋಂಕು, ಬೇರೆ ಖರ್ಚು.

ಆದರೆ ಒಂದು ಯಡವಟ್ಟಾಯ್ತು. ರೋಗಿ ಮನೆಗೆ ಬಂದ, ಕಾವಲು ಬರಲಿಲ್ಲ. ವಾರ್ಡಿನಲ್ಲಿ ಏನಿತ್ತು? ನರ್ಸ್ ದಿನಕ್ಕೆ ನಾಲ್ಕು ಸಲ ಬಂದು ಜ್ವರ ನೋಡೋರು, ನಾಡಿ ನೋಡೋರು, ಚಾರ್ಟಿನಲ್ಲಿ ಬರೆಯೋರು. ‘ಗ್ಯಾಸ್ ಹೋಯ್ತಾ? ಮೋಷನ್ ಆಯ್ತಾ?’ ಅಂತ ಕೇಳೋರು. ನಮಗೆ ನಗು ಬರ್ತಿತ್ತು. ಆದರೆ ಕರುಳು ಕೆಲಸ ಮಾಡ್ತಾ ಇದೆಯಾ ಅಂತ ತಿಳಿಯೋಕೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ. ಮನೆಯಲ್ಲಿ ಯಾರು ಕೇಳ್ತಾರೆ? ಸೊಸೆ ಮಾವನನ್ನ ಕೇಳ್ತಾಳಾ?

ಮೊಬೈಲ್ ಆ್ಯಪ್ ಬರೋದು ಇಲ್ಲಿ. ಆ ಪ್ರಶ್ನೆಗಳನ್ನ ಅದು ನಾಚಿಕೆ ಇಲ್ಲದೆ, ಬೇಜಾರಿಲ್ಲದೆ ದಿನಾ ಕೇಳುತ್ತೆ. ಇವತ್ತು ನೋವು ಹತ್ತಕ್ಕೆ ಎಷ್ಟು? ಜ್ವರ ಎಷ್ಟು? ವಾಂತಿ ಆಯ್ತಾ? ಗ್ಯಾಸ್ ಹೋಯ್ತಾ? ಎಷ್ಟು ಊಟ ಮಾಡಿದ್ರಿ? ಗಾಯದಿಂದ ಏನಾದರೂ ಸೋರ್ತಾ ಇದೆಯಾ? ಒಂದು ಫೋಟೋ ಕಳಿಸಿ. ಕೆಲವು ಆ್ಯಪ್‌ಗಳು ಕೈಗೆ ಕಟ್ಟಿದ ವಾಚಿನಿಂದ ಹೃದಯ ಬಡಿತ, ನಡೆದ ಹೆಜ್ಜೆಗಳ ಲೆಕ್ಕವನ್ನೂ ತಗೊಳ್ಳುತ್ತವೆ. ಉತ್ತರ ನೋಡಿ ಟ್ರಾಫಿಕ್ ಸಿಗ್ನಲ್ ಹಾಗೆ ಹಸಿರು, ಹಳದಿ, ಕೆಂಪು ತೋರಿಸೋದೂ ಉಂಟು.

ಇದರಲ್ಲಿ ದೊಡ್ಡ ಜಾದೂ ಏನಿಲ್ಲ. ಇದರ ಶಕ್ತಿ ಇರೋದು ಒಂದೇ ಕಡೆ. ಅದು ಇವತ್ತನ್ನ ನಿನ್ನೆಯ ಜೊತೆ ಹೋಲಿಸುತ್ತೆ. ಆಪರೇಷನ್ ಆದ ದೇಹ ಸಾಮಾನ್ಯವಾಗಿ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಸುಧಾರಿಸಬೇಕು. ನಿನ್ನೆ ನೋವು ನಾಲ್ಕು, ಇವತ್ತು ಮೂರು. ನಿನ್ನೆ ಅರ್ಧ ಇಡ್ಲಿ, ಇವತ್ತು ಎರಡು. ಇದು ಸರಿ. ನೋವು ಮೂರಿದ್ದದ್ದು ಆರಾಯ್ತು, ಎರಡು ಇಡ್ಲಿ ತಿಂತಿದ್ದವರು ಇವತ್ತು ಮುಟ್ಟಲಿಲ್ಲ ಅಂದರೆ ದಾರಿ ತಿರುಗಿದೆ ಅಂತ ಅರ್ಥ. ಪಕ್ಕದಲ್ಲೇ ಕೂತ ಮನೆಯವರಿಗೆ ಆ ತಿರುವು ಕಾಣಲ್ಲ. ನಮ್ಮ ಕಣ್ಣು ಒಗ್ಗಿಹೋಗುತ್ತೆ. ಬರೆದಿಟ್ಟ ಲೆಕ್ಕ ಒಗ್ಗಿಹೋಗಲ್ಲ.

ಇದೆಲ್ಲ ಕೇಳೋಕೆ ಚೆನ್ನಾಗಿದೆ, ಕೆಲಸ ಮಾಡುತ್ತಾ? ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಇದನ್ನ ಪರೀಕ್ಷೆ ಮಾಡಿ ನೋಡಿದರು. ಫಲಿತಾಂಶ 2021ರಲ್ಲಿ ಪ್ರಕಟವಾಯ್ತು. ತುರ್ತು ಹೊಟ್ಟೆ ಆಪರೇಷನ್ ಆದ 492 ಜನ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 269 ಜನಕ್ಕೆ ಎಂದಿನ ಆರೈಕೆ. 223 ಜನಕ್ಕೆ ಮೂರನೇ ದಿನ, ಏಳನೇ ದಿನ, ಹದಿನೈದನೇ ದಿನ ಫೋನಿನಲ್ಲಿ ಪ್ರಶ್ನೆಗಳು. ಗಾಯ ಹೇಗಿದೆ, ಲಕ್ಷಣ ಏನು, ಒಂದು ಫೋಟೋ ತೆಗೆದು ಹಾಕಿ. ಮಧ್ಯದಲ್ಲಿ ಅನುಮಾನ ಬಂದರೂ ಕಳಿಸಬಹುದು. ಆ ಉತ್ತರ, ಆ ಫೋಟೋವನ್ನ ನೋಡ್ತಾ ಇದ್ದದ್ದು ಸರ್ಜರಿ ತಂಡದವರೇ.

ಏನಾಯ್ತು? ಮೊದಲು ಆಗದೇ ಇದ್ದದ್ದನ್ನ ಹೇಳ್ತೀನಿ. ಗಾಯದ ಸೋಂಕು ಕಡಿಮೆ ಆಗಲಿಲ್ಲ. ಫೋನ್ ಗುಂಪಿನಲ್ಲಿ 21 ಜನಕ್ಕೆ, ಇನ್ನೊಂದು ಗುಂಪಿನಲ್ಲಿ 20 ಜನಕ್ಕೆ ಸೋಂಕು ಬಂತು. ಫೋಟೋ ತೆಗೆದರೆ ಕೀವು ನಿಲ್ಲಲ್ಲ ಸ್ವಾಮಿ. ಸೋಂಕು ಪತ್ತೆಯಾಗೋಕೆ ಹಿಡಿದ ಸರಾಸರಿ ಸಮಯದಲ್ಲಿ ಎರಡೂವರೆ ದಿನದ ವ್ಯತ್ಯಾಸ ಕಂಡರೂ, ಅದು ಆಕಸ್ಮಿಕ ಅಲ್ಲ ಅಂತ ಖಚಿತವಾಗಿ ಹೇಳೋಷ್ಟು ಗಟ್ಟಿ ಇರಲಿಲ್ಲ. ಆದರೆ ಮೊದಲ ಏಳು ದಿನದೊಳಗೆ ಸೋಂಕು ಪತ್ತೆಯಾಗೋ ಸಾಧ್ಯತೆ ಫೋನ್ ಗುಂಪಿನಲ್ಲಿ 3.7 ಪಟ್ಟು ಇತ್ತು. ಗಾಯ ತೋರಿಸೋಕೆ ಅಂತ ಊರಿನ ಕ್ಲಿನಿಕ್ಕಿಗೆ ಅಲೆಯೋದು ಕಡಿಮೆ ಆಯ್ತು. ಸಹಾಯ ಸುಲಭವಾಗಿ ಸಿಕ್ತು ಅಂತ ರೋಗಿಗಳು ಹೇಳಿದರು.

ನನಗೆ ಇದರಲ್ಲಿ ಹಿಡಿಸಿದ್ದು ಇನ್ನೊಂದು ವಿಷಯ. ಅವರು ಕೋಟಿ ಕೋಟಿ ಸುರಿದು ಭಾರಿ ಆ್ಯಪ್ ಕಟ್ಟಲಿಲ್ಲ. ಫೋನಿಗೆ ಒಂದು ಲಿಂಕು, ಕೆಲವು ಪ್ರಶ್ನೆ, ಒಂದು ಕ್ಯಾಮೆರಾ, ಆ ಕಡೆ ಒಬ್ಬ ಡಾಕ್ಟರ್. ಕೊನೆಯದು ಇಲ್ಲದಿದ್ದರೆ ಮೊದಲ ಮೂರಕ್ಕೂ ಬೆಲೆ ಇಲ್ಲ.

ಈಗ ನಮ್ಮ ಕಡೆಗೆ ಬರೋಣ. ಇದು ನಮಗೆ ಬೇಕಾ? ಅವರಿಗಿಂತ ನಮಗೇ ಜಾಸ್ತಿ ಬೇಕು. 66 ದೇಶಗಳ ಹನ್ನೆರಡೂವರೆ ಸಾವಿರ ರೋಗಿಗಳನ್ನ ಗಮನಿಸಿದ ಗ್ಲೋಬಲ್‌ಸರ್ಜ್ ಅನ್ನೋ ಅಧ್ಯಯನ 2018ರಲ್ಲಿ ಬಂತು. ಜೀರ್ಣಾಂಗದ ಆಪರೇಷನ್ ಆದ ಮೇಲೆ ಗಾಯಕ್ಕೆ ಸೋಂಕು ಆಗೋದು ಶ್ರೀಮಂತ ದೇಶಗಳಲ್ಲಿ ನೂರಕ್ಕೆ 9.4 ಜನಕ್ಕೆ. ಮಧ್ಯಮ ದೇಶಗಳಲ್ಲಿ 14. ಬಡ ದೇಶಗಳಲ್ಲಿ 23.2. ಜೊತೆಗೆ ನಮ್ಮ ದೂರ. ಬೀದರಿನಿಂದ, ರಾಯಚೂರಿನಿಂದ ಬೆಂಗಳೂರಿಗೆ ಬಂದು ಆಪರೇಷನ್ ಮಾಡಿಸಿಕೊಂಡು ವಾಪಸ್ ಹೋದವರು, ‘ಗಾಯ ಒಂದ್ಸಲ ತೋರಿಸಿ ಬರೋಣ’ ಅಂತ ರಾತ್ರಿ ಬಸ್ಸು ಹತ್ತಬೇಕು. ಒಂದು ದಿನದ ಕೂಲಿ ಹೋಗುತ್ತೆ. ಹಾಗಾಗಿ ಇನ್ನೊಂದು ದಿನ ನೋಡೋಣ ಅಂತಾರೆ. ಆ ಇನ್ನೊಂದು ದಿನವೇ ದುಬಾರಿ.

ಆದರೆ ವಿದೇಶದ ಆ್ಯಪ್ ತಂದು ಕನ್ನಡಕ್ಕೆ ತರ್ಜುಮೆ ಮಾಡಿಬಿಟ್ಟರೆ ಆಯ್ತು ಅಂದುಕೊಳ್ಳಬೇಡಿ. ಒಂದು ಸಣ್ಣ ಉದಾಹರಣೆ. ‘ಗಾಯದ ಸುತ್ತ ಕೆಂಪಾಗಿದೆಯಾ?’ ಅನ್ನೋದು ಬಿಳಿ ಚರ್ಮದವರಿಗೆ ಮಾಡಿದ ಪ್ರಶ್ನೆ. ನಮ್ಮ ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದಲ್ಲಿ ಸೋಂಕು ಕೆಂಪಾಗಿ ಎದ್ದು ಕಾಣದೇ ಇರಬಹುದು. ಸುತ್ತಲಿನ ಚರ್ಮಕ್ಕಿಂತ ಇನ್ನೂ ಕಪ್ಪಗೆ, ಮಿರುಗಿದ ಹಾಗೆ ಕಾಣಬಹುದು. ಹಾಗಾಗಿ ನಾವು ಕೇಳಬೇಕಾದ್ದು, ಮುಟ್ಟಿದರೆ ಬಿಸಿ ಇದೆಯಾ, ಊದಿದೆಯಾ, ಗಟ್ಟಿಯಾಗಿದೆಯಾ, ನೋವು ಜಾಸ್ತಿಯಾಗ್ತಿದೆಯಾ, ವಾಸನೆ ಇದೆಯಾ ಅಂತ.

ಇನ್ನೊಂದು, ಫೋನ್ ಯಾರದ್ದು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ತಾವೇ ಬಳಸೋ ಮೊಬೈಲ್ ಇರೋರು ನೂರಕ್ಕೆ 54. ಫೋನ್ ಮಗನ ಜೇಬಿನಲ್ಲಿದೆ, ಮಗ ಹೊಲದಲ್ಲೋ ಫ್ಯಾಕ್ಟರಿಯಲ್ಲೋ ಇದ್ದಾನೆ. ತಾಯಿಯ ಹೊಟ್ಟೆಯ ಫೋಟೋ ಯಾರು ತೆಗೀಬೇಕು? ಆ್ಯಪ್ ಮಾಡೋರು ಯೋಚನೆ ಮಾಡಬೇಕಾದ್ದು ಇದನ್ನ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಬರೀ ಒಂದು ಫೋನ್ ಕರೆ, ಕನ್ನಡದಲ್ಲಿ ಪ್ರಶ್ನೆ, ಒಂದು ಒತ್ತಿ ಎರಡು ಒತ್ತಿ ಅಂದರೂ ಸಾಕು.

ಮೂರನೆಯದು, ಅತಿ ಮುಖ್ಯವಾದದ್ದು. ಫೋಟೋಗೆ ಚರ್ಮದ ಮೇಲಿನ ಗಾಯ ಕಾಣುತ್ತೆ. ಒಳಗಿನ ಜೋಡಣೆ ಬಿಟ್ಟಿರೋದು ಕಾಣಲ್ಲ. ಮೇಲೆ ಗಾಯ ಒಣಗಿ ಚೆಂದ ಇರಬಹುದು, ಒಳಗೆ ಬೆಂಕಿ ಹತ್ತಿರಬಹುದು. ಅದನ್ನ ಹೇಳೋದು ನಾಡಿ, ಉಸಿರು, ಜ್ವರ, ಉಬ್ಬರ, ಹಸಿವು. ಅನುಮಾನ ಬಂದರೆ ರಕ್ತದಲ್ಲಿ ಸಿಆರ್‌ಪಿ ಪರೀಕ್ಷೆ, ಸಿಟಿ ಸ್ಕ್ಯಾನ್ ಮಾಡ್ತಾರೆ. ಅದು ಆಸ್ಪತ್ರೆಯ ಕೆಲಸ. ಆ್ಯಪ್ ರೋಗ ಕಂಡುಹಿಡಿಯಲ್ಲ, ಹೊರಡಿ ಅಂತ ಹೇಳುತ್ತೆ ಅಷ್ಟೆ. ಹಸಿರು ಬಣ್ಣ ತೋರಿಸ್ತಾ ಇದೆ, ಆದರೆ ಅಪ್ಪ ಯಾಕೋ ಸರಿಯಿಲ್ಲ ಅಂತ ನಿಮ್ಮ ಮನಸ್ಸಿಗೆ ಅನ್ನಿಸ್ತಾ ಇದೆ ಅಂದರೆ, ಮನಸ್ಸಿನ ಮಾತು ಕೇಳಿ.

ಆ್ಯಪ್‌ಗೆ ಮೋಸ ಮಾಡೋ ಸಂಗತಿಗಳೂ ಇವೆ. ಪ್ಯಾರಾಸಿಟಮಾಲ್ ನುಂಗಿ ಅರ್ಧ ಗಂಟೆ ಆದ ಮೇಲೆ ಥರ್ಮಾಮೀಟರ್ ಇಟ್ಟರೆ ಜ್ವರ ಎಲ್ಲಿ ತೋರಿಸುತ್ತೆ? ಮಾತ್ರೆಗೆ ಮೊದಲು ನೋಡಬೇಕು. ವಯಸ್ಸಾದವರಿಗೆ, ಸ್ಟಿರಾಯ್ಡ್ ತಗೊಳ್ಳೋರಿಗೆ ಸೋಂಕಿದ್ದರೂ ಜ್ವರ ಬರದೇ ಇರಬಹುದು. ಬಿಪಿಗೆ ಅಂತ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತಗೊಳ್ಳೋರಿಗೆ ನಾಡಿ ಅಷ್ಟಾಗಿ ಏರದೇ ಇರಬಹುದು, ಆ ಮಾತ್ರೆ ಹಿಡಿದಿಟ್ಟಿರುತ್ತೆ.

ಹೊಟ್ಟೆಗೆ ಬ್ಯಾಗ್ ಹಾಕಿಸಿಕೊಂಡವರ ವಿಷಯ ಬೇರೆಯಾಗಿ ಹೇಳಬೇಕು. ಜೋಡಣೆ ವಾಸಿಯಾಗಲಿ ಅಂತ ಕೆಲವು ತಿಂಗಳು ಸಣ್ಣ ಕರುಳನ್ನ ಹೊರಗೆ ತಂದು ಬ್ಯಾಗ್ ಹಾಕ್ತಾರೆ. ದೊಡ್ಡ ಕರುಳು ನೀರು, ಉಪ್ಪು ಹೀರಿಕೊಳ್ಳೋ ಕೆಲಸ ಮಾಡ್ತಿತ್ತು, ಈಗ ಅದಕ್ಕೆ ಬಿಡುವು. ಹಾಗಾಗಿ ಬ್ಯಾಗಿಗೆ ನೀರು ನೀರಾಗಿ ಜಾಸ್ತಿ ಬರೋಕೆ ಶುರುವಾದರೆ ದೇಹ ಒಣಗುತ್ತೆ, ಕಿಡ್ನಿಗೆ ಪೆಟ್ಟು. ಇವರು ಮತ್ತೆ ಆಸ್ಪತ್ರೆ ಸೇರೋಕೆ ಇದು ದೊಡ್ಡ ಕಾರಣ. ನಮ್ಮವರು ಏನು ಮಾಡ್ತಾರೆ? ಬಾಯಾರಿಕೆ ಅಂತ ಚೊಂಬುಗಟ್ಟಲೆ ನೀರು, ಎಳನೀರು ಕುಡಿಸ್ತಾರೆ. ಎರಡರಲ್ಲೂ ಬೇಕಾದಷ್ಟು ಸೋಡಿಯಂ ಇಲ್ಲ. ಬರೀ ನೀರು ಹೆಚ್ಚು ಕುಡಿದಷ್ಟೂ ಬ್ಯಾಗಿಗೆ ಇನ್ನೂ ಹೆಚ್ಚು ಬರುತ್ತೆ, ಉಪ್ಪನ್ನೂ ಎಳ್ಕೊಂಡು ಹೋಗುತ್ತೆ. ಇಲ್ಲಿ ಬೇಕಾಗೋದು ಓಆರ್‌ಎಸ್ ಥರದ ಉಪ್ಪು-ಸಕ್ಕರೆ ಸರಿ ಅಳತೆಯಲ್ಲಿರೋ ದ್ರಾವಣ. ಎಷ್ಟು ಅನ್ನೋದನ್ನ ಡಾಕ್ಟರ್ ಹೇಳಬೇಕು, ಹೃದಯ, ಕಿಡ್ನಿ ತೊಂದರೆ ಇರೋರಿಗಂತೂ ಕೇಳದೇ ಕೊಡಬಾರದು. ಬ್ಯಾಗ್ ಖಾಲಿ ಮಾಡಿದಾಗಲೆಲ್ಲ ಅಳೆದು ಆ್ಯಪ್‌ನಲ್ಲಿ ಹಾಕಿದರೆ ದಿನದ ಮೊತ್ತ ಅದೇ ಹೇಳುತ್ತೆ. ದಿನಕ್ಕೆ ಒಂದೂವರೆ ಲೀಟರ್ ದಾಟಿದರೆ ಫೋನ್ ಮಾಡೋ ಹೊತ್ತು.

ನಮ್ಮಲ್ಲಿ ಕಾನೂನಿನ ಅಡ್ಡಿ ಇದೆಯಾ? ಇಲ್ಲ. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿದೆ. ಫೋನ್, ವಿಡಿಯೋ, ಮೆಸೇಜ್ ಮೂಲಕ ಡಾಕ್ಟರ್ ಸಲಹೆ ಕೊಡಬಹುದು, ತುರ್ತು ಇದ್ದರೆ ಖುದ್ದಾಗಿ ಬರೋಕೆ ಹೇಳಬೇಕು. ಈಗಾಗಲೇ ನಮ್ಮ ಎಷ್ಟೋ ಡಾಕ್ಟರುಗಳು ವಾಟ್ಸ್ಆ್ಯಪ್‌ನಲ್ಲಿ ಗಾಯದ ಫೋಟೋ ನೋಡ್ತಾನೇ ಇದ್ದಾರೆ. ಅವರ ಒಳ್ಳೆತನ ಅದು. ಆದರೆ ಒಳ್ಳೆತನ ಒಂದು ವ್ಯವಸ್ಥೆ ಅಲ್ಲ. ರಾತ್ರಿ ಹನ್ನೊಂದಕ್ಕೆ ಕಳಿಸಿದ ಫೋಟೋ, ಮದುವೆ ಕಾರ್ಡು, ಗುಡ್ ಮಾರ್ನಿಂಗ್ ಮೆಸೇಜುಗಳ ಕೆಳಗೆ ಹೂತುಹೋದರೆ ಜವಾಬ್ದಾರಿ ಯಾರದ್ದು? ಮತ್ತೆ ನಿಮ್ಮ ಹೊಟ್ಟೆಯ ಫೋಟೋ ಯಾರ ಯಾರ ಫೋನಿನಲ್ಲಿದೆ? ಖಾಸಗಿ ಮಾಹಿತಿ ಕಾಪಾಡೋಕೆ 2023ರಲ್ಲಿ ಕಾಯ್ದೆ ಬಂದಿದೆ. ಆಸ್ಪತ್ರೆಗಳು ಅದನ್ನ ನೆನಪಿಟ್ಟುಕೊಳ್ಳಲಿ.

ಹಾಗಾದರೆ ನೀವೇನು ಮಾಡಬೇಕು? ಡಿಸ್ಚಾರ್ಜ್ ದಿನ ಗಾಡಿ ತರೋಕೆ ಓಡೋ ಮೊದಲು ಮೂರು ಪ್ರಶ್ನೆ ಕೇಳಿ. ಒಂದು, ಮನೆಗೆ ಹೋದ ಮೇಲೆ ತೊಂದರೆ ಆದರೆ ಯಾವ ನಂಬರ್? ಎರಡು, ಭಾನುವಾರ ರಾತ್ರಿ ಆ ನಂಬರ್ ಯಾರು ಎತ್ತುತ್ತಾರೆ? ಮೂರು, ಆ್ಯಪ್ ಇದ್ದರೆ, ಅದರಲ್ಲಿ ನಾವು ತುಂಬಿದ್ದನ್ನ ಯಾರು, ಎಷ್ಟು ಹೊತ್ತಿಗೊಮ್ಮೆ ನೋಡ್ತಾರೆ? ಯಾರೂ ನೋಡಲ್ಲ ಅಂದರೆ ಅದು ಆ್ಯಪ್ ಅಲ್ಲ, ಹುಂಡಿ. ಹಾಕಿದ್ದು ಹೋಯ್ತು.

ಆಸ್ಪತ್ರೆಯಲ್ಲಿ ಆ್ಯಪ್ ಇಲ್ವಾ? ಬೇಜಾರಿಲ್ಲ. ಮಕ್ಕಳ ಒಂದು ನೋಟ್‌ಬುಕ್ ತಗೊಳ್ಳಿ. ಬೆಳಗ್ಗೆ, ಸಂಜೆ ಬರೀರಿ. ಜ್ವರ, ನಾಡಿ, ನೋವು, ಊಟ, ವಾಂತಿ, ಗ್ಯಾಸ್, ಮೋಷನ್. ಗಾಯದ ಫೋಟೋ ದಿನಾ ಒಂದೇ ಜಾಗದಲ್ಲಿ, ಹಗಲು ಬೆಳಕಿನಲ್ಲಿ, ಒಂದೇ ದೂರದಿಂದ ತೆಗೀರಿ. ಮೊದಲ ಮೂವತ್ತು ದಿನ.

ಈ ಲಕ್ಷಣಗಳು ಕಂಡರೆ ನಾಳೆ ಅನ್ನಬೇಡಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ. ಸುಮ್ಮನೆ ಮಲಗಿದ್ದಾಗಲೂ ನಾಡಿ ನಿಮಿಷಕ್ಕೆ ನೂರರ ಮೇಲೆ ಓಡ್ತಾ ಇದ್ದರೆ. ಹೊಟ್ಟೆ ಉಬ್ಬಿ, ಗ್ಯಾಸ್, ಮೋಷನ್ ಎರಡೂ ನಿಂತಿದ್ದರೆ. ಮತ್ತೆ ಮತ್ತೆ ವಾಂತಿ ಆದರೆ. ನೋವು ದಿನದಿಂದ ದಿನಕ್ಕೆ ಏರ್ತಾ ಇದ್ದರೆ. ಗಾಯದಿಂದ ಕೀವು ಅಥವಾ ಮಲದ ವಾಸನೆಯ ನೀರು ಬಂದರೆ. ಮೂತ್ರ ತೀರಾ ಕಡಿಮೆ ಆದರೆ. ಒಂದು ಕಾಲು ಊದಿಕೊಂಡರೆ. ಇವುಗಳಲ್ಲಿ ಒಂದು ಕಂಡರೂ ಆಪರೇಷನ್ ಮಾಡಿದ ತಂಡಕ್ಕೆ ಅವತ್ತೇ ಫೋನ್. ಉಸಿರಾಟ ಕಷ್ಟ ಆದರೆ, ಮಾತು ತೊದಲಿ ಗೊಂದಲ ಶುರುವಾದರೆ ಫೋನೂ ಬೇಡ, ಆ್ಯಪೂ ಬೇಡ, 108.

ಸರ್ಕಾರಕ್ಕೆ, ಆಸ್ಪತ್ರೆಗಳಿಗೆ ಒಂದು ಮಾತು. ಆಪರೇಷನ್ ಪ್ಯಾಕೇಜಿನಲ್ಲಿ ಹಾಸಿಗೆ ಇದೆ, ಔಷಧಿ ಇದೆ, ಊಟ ಇದೆ. ಮನೆಗೆ ಹೋದ ಮೇಲಿನ ಮೂವತ್ತು ದಿನ ದಿನಾ ವಿಚಾರಿಸೋ ಒಬ್ಬ ನರ್ಸ್‌ಗೂ ಅದರಲ್ಲಿ ಜಾಗ ಮಾಡಿ. ಎರಡನೇ ಆಪರೇಷನ್ನಿಗೆ, ಐಸಿಯುಗೆ ಆಗೋ ಖರ್ಚಿನ ಮುಂದೆ ಅದು ಯಾವ ಲೆಕ್ಕ?

ಆ ಕ್ಯಾಮೆರಾಮನ್ ತಾಯಿ ಈಗ ಆರಾಮಾಗಿದ್ದಾರೆ. ಕೆಲವು ತಿಂಗಳ ನಂತರ ಬ್ಯಾಗ್ ತೆಗೆಯೋ ಆಪರೇಷನ್ ಆದಾಗ ಈ ಹುಡುಗ ಮೊದಲೇ ಎಚ್ಚರ ಆಗಿದ್ದ. ಒಂದು ತಿಂಗಳು ಊರಲ್ಲಿದ್ದ ತಂಗಿಗೆ ದಿನಾ ಬೆಳಗ್ಗೆ ಎಂಟಕ್ಕೆ ಫೋನ್ ಮಾಡೋನು. ಶೂಟಿಂಗ್ ಮಧ್ಯೆ, ಗಾಡಿ ಪಕ್ಕಕ್ಕೆ ಹಾಕಿ, ಎಲ್ಲರ ಎದುರಿಗೇ ಕೇಳೋನು. ‘ಅಮ್ಮಂಗೆ ಗ್ಯಾಸ್ ಹೋಯ್ತಾ? ನಿನ್ನೆಗಿಂತ ಹೇಗಿದೆ?’ ಮೊದಮೊದಲು ನಮ್ಮ ಹುಡುಗರು ನಗ್ತಾ ಇದ್ದರು. ಅವನು ಯಾಕೆ ಕೇಳ್ತಾನೆ ಅಂತ ಗೊತ್ತಾದ ಮೇಲೆ ಯಾರೂ ನಗಲಿಲ್ಲ.